ಫಕೀರವ್ವನ ಹೆಸರಿನ ಫೋನು

ನಾನು ಒಂದು ಬಟನ್ ಫೋನು. ಅಂಗೈಯಷ್ಟು ಉದ್ದ, ಮೈಬಣ್ಣ ಕಪ್ಪು. ನಾನು ಹುಟ್ಟಿದ ಕಾರ್ಖಾನೆಯಲ್ಲಿ ಸಾಲಾಗಿ ಕುಳಿತ ಹುಡುಗಿಯರು ತಲೆ ಎತ್ತದೆ ದುಡಿಯುತ್ತಿದ್ದರು. ಒಬ್ಬಳು ನನ್ನ ಬೆನ್ನಿಗೆ ಸ್ಕ್ರೂ ಬಿಗಿದಳು. ಇನ್ನೊಬ್ಬಳು ನನ್ನನ್ನು ಕಿವಿಗೆ ಹಿಡಿದು 'ಹಲೋ' ಎಂದು ಪರೀಕ್ಷೆ ಮಾಡಿದಳು. ನಾನು ಕೇಳಿದ ಮೊದಲ ಮಾತು ಅದು.

ಹುಬ್ಬಳ್ಳಿಯ ದರ್ಜಿ ಮಕ್ತುಮಸಾಬರು ನನ್ನ ಮೊದಲ ಯಜಮಾನರು. ಅವರ ಹೊಲಿಗೆ ಯಂತ್ರದ ಪಕ್ಕದಲ್ಲಿ ಎರಡು ವರ್ಷ ಸುಖವಾಗಿದ್ದೆ. ಅಳಿಯ ದೊಡ್ಡ ಗಾಜಿನ ಫೋನು ತಂದುಕೊಟ್ಟ ಮೇಲೆ ನನ್ನನ್ನು ಹಳೆಯ ಫೋನುಗಳ ಅಂಗಡಿಗೆ ಮಾರಿದರು. ತಪ್ಪು ಅವರದಲ್ಲ. ಅವರ ಕಣ್ಣು ಮಂಜಾಗಿತ್ತು, ನನ್ನ ಅಕ್ಷರ ಸಣ್ಣದು.

ಆ ಅಂಗಡಿಗೆ ಒಂದು ದಿನ ಬಿಳಿ ಅಂಗಿಯ ಚಿದಾನಂದಣ್ಣ ಬಂದ.

"ಇಂಥಾವು ಮೂವತ್ತು ಬೇಕು."

"ಮೂವತ್ತಾ? ಲಗ್ನದಾಗ ಆಯೇರಿ ಕೊಡ್ತೀರೇನ್ರಿ ಅಣ್ಣಾರ?" ಎಂದ ಅಂಗಡಿಯವನು.

"ಹೂಂನೋ, ದೊಡ್ಡ ಲಗ್ನ. ಎರಡು ತಿಂಗಳ ನಡೀತೈತಿ!"

ಅದು ಕ್ರಿಕೆಟ್ ಪಂದ್ಯಗಳ ಋತು ಎಂದು ನನಗೆ ಆಮೇಲೆ ತಿಳಿಯಿತು.

ಹೊಸ ಬಡಾವಣೆಯ ಒಂದು ಮನೆಯ ಮೂರನೆಯ ಮಹಡಿ. ಉದ್ದನೆಯ ಮೇಜಿನ ಮೇಲೆ ನಮ್ಮನ್ನು ಸಾಲಾಗಿ ಮಲಗಿಸಿ ಬೆನ್ನಿಗೆ ನಂಬರಿನ ಚೀಟಿ ಅಂಟಿಸಿದರು. ನಾನು ಹದಿನೇಳು. ಕೆಲವು ಫೋನುಗಳು ಬಾಜಿಯ ದರ ಕೂಗುತ್ತಿದ್ದವು, ಕೆಲವು ಬಾಜಿ ಕಟ್ಟುವವರ ಮಾತು ಕೇಳುತ್ತಿದ್ದವು. ನನ್ನ ಕೆಲಸ ಬೇರೆ. ಬ್ಯಾಂಕಿನ ಸಂದೇಶಗಳು ನನಗೆ ಬರುತ್ತಿದ್ದವು. ಹಿಂದಿ ಮಾತಾಡುವ ಇಬ್ಬರು ಗಂಡಸರು ನನ್ನ ಮುಖದ ಮೇಲೆ ಬರುವ ಗುಪ್ತ ಅಂಕಿಗಳನ್ನು ನೋಡಿ ಕಂಪ್ಯೂಟರಿಗೆ ಒತ್ತುತ್ತಿದ್ದರು. ಒಂದು ಕಡೆಯಿಂದ ಬಂದ ಹಣ ಚಹಾ ಆರುವುದರೊಳಗೆ ಇನ್ನೊಂದು ಕಡೆಗೆ ಹೋಗುತ್ತಿತ್ತು.

ಒಂದೊಂದು ಎಸೆತಕ್ಕೂ ಬಾಜಿ. ಯಾವ ತಂಡವೇ ಗೆಲ್ಲಲಿ, ಆ ಕೋಣೆ ಸೋತ ದಿನವನ್ನು ನಾನು ಕಾಣಲಿಲ್ಲ. ದರವನ್ನು ಹಾಗೆಯೇ ಕಟ್ಟುತ್ತಿದ್ದರು. ಗೆದ್ದವನು ಆಸೆಯಿಂದ ಮರಳಿ ಬರುತ್ತಿದ್ದ, ಸೋತವನು ಹಟದಿಂದ ಬರುತ್ತಿದ್ದ. ದರ ಹೇಳುವ ದೊಡ್ಡ ದನಿ ಯಾವುದೋ ದೂರದ ಊರಿನಿಂದ ಬರುತ್ತಿತ್ತು. ಅವನನ್ನು ಎಲ್ಲರೂ 'ಮ್ಯಾಲಿನವ್ರು' ಎನ್ನುತ್ತಿದ್ದರು. ಮುಖ ಕಂಡವರು ಯಾರೂ ಇರಲಿಲ್ಲ.

"ನಮ್ಮ ಖೋಲಿ ಅಂದ್ರ ಬರೇ ಒಂದು ಹಲ್ಲು. ಬಾಯಿ ಬ್ಯಾರೇ ಕಡೆ ಐತಿ. ಅದು ಎಷ್ಟು ನುಂಗತೈತಿ ಅಂತ ನನಗೂ ಗೊತ್ತಿಲ್ಲ" ಎಂದು ಚಿದಾನಂದಣ್ಣ ಹೆಮ್ಮೆಯಿಂದ ಹೇಳುತ್ತಿದ್ದ.

ಆ ಕೋಣೆಗೆ ಮಧ್ಯಾಹ್ನದ ಊಟ ತರುತ್ತಿದ್ದವಳು ಫಕೀರವ್ವ. ಹತ್ತಿರದ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವವಳು, ವಯಸ್ಸು ಇಪ್ಪತ್ತೆರಡು. ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದಳು. ಬುಟ್ಟಿ ಇಳಿಸಿ, ಬಡಿಸಿ, ಅವರು ಉಂಡು ಏಳುವವರೆಗೆ ಗೋಡೆಗೆ ಆತು ನಿಲ್ಲುತ್ತಿದ್ದಳು.

"ಏ ಫಕೀರಿ, ಮಾತಾಡಿದ್ರ ಮುತ್ತು ಉದುರ್ತಾವೇನ?" ಎಂದು ಚಿದಾನಂದಣ್ಣ ಚುಡಾಯಿಸುತ್ತಿದ್ದ. ಅವಳು ನೆಲ ನೋಡುತ್ತಿದ್ದಳು. ಮೇಜಿನ ಮೇಲೆ ಮಲಗಿದ್ದ ನನಗೆ ಮಾತ್ರ ಅವಳ ಕಣ್ಣು ಕಾಣುತ್ತಿತ್ತು. ಆ ಕಣ್ಣು ಯಾವುದನ್ನೂ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಮೇಜಿನ ಪಕ್ಕದಲ್ಲಿ ಬಡಿಸುತ್ತಿದ್ದಾಗ ನಾನು ಮಿನುಗಿದೆ. ಬ್ಯಾಂಕಿನ ಸಂದೇಶ ಕನ್ನಡದಲ್ಲಿತ್ತು. ಖಾತೆ ತೆರೆಯುವಾಗ ರೊಟ್ಟಿಯವಳ ಅರ್ಜಿಯಲ್ಲಿ ಚಿದಾನಂದಣ್ಣನೇ 'ಕನ್ನಡ' ಎಂದು ಗುರುತು ಹಾಕಿದ್ದ. ಆ ಇಬ್ಬರು ಗಂಡಸರಿಗೆ ಅಂಕಿ ಸಾಕಾಗಿತ್ತು, ಅಕ್ಷರ ಬೇಕಿರಲಿಲ್ಲ. ಫಕೀರವ್ವ ತುಟಿಯಲ್ಲೇ ಓದಿಕೊಂಡಳು: 'ಫಕೀರವ್ವ ಹೊಸೂರ ಅವರೇ, ನಿಮ್ಮ ಖಾತೆಗೆ ಒಂಬತ್ತು ಲಕ್ಷ ನಲವತ್ತು ಸಾವಿರ ರೂಪಾಯಿ ಜಮಾ ಆಗಿದೆ.'

ಅವಳ ಕೈಯಲ್ಲಿದ್ದ ಪಲ್ಯದ ಸೌಟು ನಿಂತಿತು. ಐದು ತಿಂಗಳ ಹಿಂದೆ ಚಿದಾನಂದಣ್ಣ ಖಾನಾವಳಿಗೆ ಬಂದು, ಮಹಿಳೆಯರಿಗೆ ಸಾಲ ಕೊಡಿಸುವೆನೆಂದು ಹೆಬ್ಬೆಟ್ಟು, ಫೋಟೋ, ಆಧಾರ್ ಪ್ರತಿ ಒಯ್ದಿದ್ದ. ಸಾಲ ಬರಲಿಲ್ಲ; ಆ ಕಾಗದಗಳಿಂದ ಅವಳಿಗೇ ತಿಳಿಯದ ಈ ಖಾತೆ ಹುಟ್ಟಿತ್ತು. ಯಾರೂ ಕೇಳಲಿಲ್ಲ.

ಮರುದಿನವೇ ಸುದ್ದಿ ಬಂತು. ಹಾಗೆಯೇ ಕಾಗದ ಕೊಟ್ಟಿದ್ದ ಹೂ ಮಾರುವ ಸಿದ್ಲಿಂಗವ್ವನನ್ನು ಹೊರ ರಾಜ್ಯದ ಪೊಲೀಸರು ಹಿಡಿದೊಯ್ದಿದ್ದರು. ಅವಳ ಖಾತೆಯಲ್ಲಿ ಕಳ್ಳ ಹಣ ಸಿಕ್ಕಿತ್ತಂತೆ. 'ನನಗೇನೂ ಗೊತ್ತಿಲ್ಲ' ಎಂದರೆ ಯಾರೂ ನಂಬಲಿಲ್ಲವಂತೆ. ಮುಂದಿನ ಸರದಿ ತನ್ನದೆಂದು ಫಕೀರವ್ವನಿಗೆ ಗೊತ್ತಾಯಿತು.

ಅಂದು ಸಂಜೆ ದೊಡ್ಡ ಪಂದ್ಯ, ಬೆಳಗಿನಿಂದಲೇ ಖಾತೆಗೆ ಹಣ ಸುರಿಯುತ್ತಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಒಂದು ಕೈ ಬಂದು ನನ್ನನ್ನು ಎತ್ತಿತು. ಮರುಕ್ಷಣ ನಾನು ಉಳಿದ ಬಿಸಿ ರೊಟ್ಟಿಗಳ ನಡುವೆ ಇದ್ದೆ. ಬುಟ್ಟಿ ಮೆಟ್ಟಿಲು ಇಳಿದು ನೇರ ಬ್ಯಾಂಕಿನ ದಾರಿ ಹಿಡಿಯಿತು.

ಬ್ಯಾಂಕಿನಲ್ಲಿ ಗುಮಾಸ್ತ, "ಬುಟ್ಟಿ ಹೊರಗ ಇಡವಾ, ಇಲ್ಲಿ ಯಾಪಾರ ಮಾಡಬಾರ್ದು" ಎಂದ. ಅವಳು ನೇರ, ಎಲ್ಲರೂ 'ಬಾಯಿಯವರು' ಎನ್ನುವ ಮಹಿಳಾ ಮ್ಯಾನೇಜರ ಮುಂದೆ ನಿಂತು, ರೊಟ್ಟಿಯ ಹಿಟ್ಟು ಮೆತ್ತಿದ ನನ್ನನ್ನು ಮೇಜಿನ ಮೇಲಿಟ್ಟಳು.

"ಖಾತೆ ನಂದ್ರಿ. ರೊಕ್ಕ ನಂದಲ್ರಿ. ಬಂದ್ ಮಾಡ್ರಿ."

ಇಷ್ಟು ಮಾತನ್ನು ಅವಳು ಒಂದೇ ಉಸಿರಿಗೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಾಯಿಯವರು ಖಾತೆ ತೆರೆದು ನೋಡಿ ಕನ್ನಡಕ ತೆಗೆದರು.

"ಎರಡು ತಿಂಗಳಾಗ ಹನ್ನೊಂದು ಕೋಟಿ ಓಡಾಡೈತೆಲ್ಲವಾ! ಈಗರೆ ಅರವತ್ತೆರಡು ಲಕ್ಷ ಐತಿ."

"ನಾ ರೊಟ್ಟಿ ಆರು ರೂಪಾಯಿಗೆ ಒಂದು ಮಾರತೇನ್ರಿ. ಹನ್ನೊಂದು ಕೋಟಿಗೆ ಎಷ್ಟು ರೊಟ್ಟಿ ಬಡಿಬೇಕಾಗತಿತ್ತು, ನೀವ ಹೇಳ್ರಿ."

ಬಾಯಿಯವರು ಖಾತೆಯನ್ನು ಅಲ್ಲೇ ತಡೆಹಿಡಿದರು. ಪೊಲೀಸರಿಗೂ ತಿಳಿಸಿದರು. ಇನ್ಸ್‌ಪೆಕ್ಟರು ಬಂದು ಅನುಮಾನದಿಂದಲೇ ಕೇಳಿದರು: "ರೊಕ್ಕ ನಿಂದಲ್ಲ ಅನ್ನಾಕ ಸಾಕ್ಷಿ ಏನೈತಿ?"

ಆಗ ನಾನು ಬಡಿದುಕೊಂಡೆ. ಕೋಣೆಯಲ್ಲಿ ಹಣ ನಿಂತುಹೋಗಿತ್ತು. ಅವರು ಮೇಜಿನ ಮೇಲೆಲ್ಲ ಹುಡುಕಿ, ನಾನು ಸಿಗದೆ, ನನ್ನ ನಂಬರಿಗೇ ಕರೆ ಮಾಡಿದ್ದರು. ಫಕೀರವ್ವ ಒಮ್ಮೆ ಇನ್ಸ್‌ಪೆಕ್ಟರನ್ನು ನೋಡಿ, ನನ್ನ ಸ್ಪೀಕರ್ ಒತ್ತಿದಳು.

"ಯಾವನಲೇ ಅಂವ, ಫೋನ್ ಒಯ್ದಿದ್ದು?" ಚಿದಾನಂದಣ್ಣನ ದನಿ.

"ನಾ ಫಕೀರವ್ವ ಹೊಸೂರ. ಖಾತೆದಾರಳು."

ಈ ಸಲ ಬಂದ ದನಿ ಬೆಣ್ಣೆಯಂತಿತ್ತು. "ಫಕೀರವ್ವಾರ... ಅಕ್ಕಾರ... ಬ್ಯಾಂಕಿನಾಗ ಏನರೆ ಹೇಳಿದ್ರೇನ್ರಿ? ಒಂದು ಸಹಿ ಮಾಡಿ ಬಿಡಿಸ್ರಿ. ಐದು ಲಕ್ಷ ನಿಮಗ."

"ನನ್ನ ರೊಕ್ಕದಾಗ ನನಗ ಐದ ಲಕ್ಷ ಏನ್ರಿ?"

"ನಿಂದ್ಯಾಂಗ ಆತು?" ಬೆಣ್ಣೆ ಕರಗಿತು. "ಬಾಜಿ ರೊಕ್ಕ ಅದು, ಮ್ಯಾಲಿನವರ್ದು! ನಿಂದು ಬರೇ ಹೆಸರು! ಮೂವತ್ತು ಮಂದಿ ಹೆಸರು ತಗೊಂಡೇನಿ, ಒಬ್ಬಾಕಿನೂ ಇಷ್ಟು ಮಾತಾಡಿಲ್ಲ!"

"ಸಾಕ್ಷಿ ಕೇಳಿದ್ರಲ್ರಿ ಸಾಹೇಬ್ರ" ಎಂದು ಫಕೀರವ್ವ ನನ್ನನ್ನು ಇನ್ಸ್‌ಪೆಕ್ಟರ ಕಡೆಗೆ ಸರಿಸಿದಳು.

ಟಾಸ್ ಆಗುವ ಮೊದಲೇ ಆ ಮೂರನೆಯ ಮಹಡಿಯ ಬಾಗಿಲಿಗೆ ಬೀಗ ಬಿತ್ತು. ಎರಡು ವಾರದಲ್ಲಿ ಸಿದ್ಲಿಂಗವ್ವ ಬಿಡುಗಡೆಯಾಗಿ ಬಂದಳು. ಅವಳು ಮೊದಲ ದಿನ ಕಟ್ಟಿದ ಹೂವೆಲ್ಲ ಖಾನಾವಳಿಯ ಹೆಂಗಸರ ಮುಡಿಗೆ ಹೋಯಿತಂತೆ. ಮೂವತ್ತು ಹೆಸರುಗಳೂ ಕೇಸಿನಲ್ಲಿ ಆರೋಪಿಗಳ ಪಟ್ಟಿಯಿಂದ ಸಾಕ್ಷಿಗಳ ಪಟ್ಟಿಗೆ ಬಂದವು. ಮೇಲಿನವನು ಸಿಕ್ಕಿಲ್ಲ, ನಿಜ. ಆದರೆ ಅವನ ಅರವತ್ತೆರಡು ಲಕ್ಷ ಸಿಕ್ಕಿತು. ಅದನ್ನು ಕೇಳಲು ಅವನು ಇಂದಿಗೂ ಬಂದಿಲ್ಲ. ಬರುವುದು ಹೇಗೆ?

ಈಗ ನಾನು ಜಪ್ತಿ ಮಾಡಿದ ಸಾಮಾನು ಇಡುವ ನ್ಯಾಯಾಲಯದ ಮಾಲುಖಾನೆಯಲ್ಲಿದ್ದೇನೆ. ಬಟ್ಟೆಯ ಚೀಲ, ಅದರ ಬಾಯಿಗೆ ಅರಗಿನ ಮುದ್ರೆ. ಬ್ಯಾಟರಿ ತೆಗೆದಿದ್ದಾರೆ. ಅಕ್ಕಪಕ್ಕ ಕತ್ತಿ, ಕೊಡಲಿ, ಕದ್ದ ಬೋಗುಣಿಗಳು. ನನಗೆ ಬೇಸರವಿಲ್ಲ. ಆ ಕೋಣೆಯವರು ಎಲ್ಲಕ್ಕೂ ದರ ಕಟ್ಟಿದ್ದರು. ಗಾಳಿಗೆ, ಮಳೆಗೆ, ಒಂದು ಎಸೆತಕ್ಕೆ, ಒಂದು ಕ್ಯಾಚಿಗೆ. ರೊಟ್ಟಿ ತರುವ ಹುಡುಗಿ ತನ್ನ ಹೆಸರನ್ನು ತಾನೇ ಓದಿಕೊಂಡಾಳು ಎಂಬುದಕ್ಕೆ ಮಾತ್ರ ಅವರಲ್ಲಿ ಯಾರೂ ದರ ಕೂಗಿರಲಿಲ್ಲ.