ಉಪ್ಪುನೀರಿನ ಬಟಾಣಿ

ಸೋಮವಾರ ಬೆಳಿಗ್ಗೆ ಸಸ್ಯಶಾಸ್ತ್ರಜ್ಞ ಹ್ಯಾಲಮ್ ಅವರ ಪತ್ರ ಬಂದಾಗಿನಿಂದ ಡಾರ್ಕಸ್ ಥರ್ಟಲ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಲವತ್ತೊಂದು ವರ್ಷದ, ಮದುವೆಯಾಗದ ಹೆಂಗಸು. ಇಂಗ್ಲೆಂಡಿನ ನಾರ್ಫೋಕ್‌ನ ಕಡಲತೀರದ ಒಂದು ಹಳ್ಳಿಯಲ್ಲಿ ಪಾದ್ರಿಯಾಗಿದ್ದ ತಮ್ಮನ ಮನೆವಾರ್ತೆ ನೋಡಿಕೊಂಡಿದ್ದಳು. ಸುಮ್ಮನೆ ಕೂರುವ ಜಾಯಮಾನ ಅವಳದ್ದು ಯಾವತ್ತೂ ಅಲ್ಲ, ಆದರೆ ಅಂದು ಮೆಟ್ಟಿಲು ಹತ್ತಿ ಇಳಿದದ್ದಕ್ಕೆ ಲೆಕ್ಕವೇ ಇರಲಿಲ್ಲ. ಹೊಲಿಗೆ ಕೈಗೆತ್ತಿಕೊಂಡಳು, ಬಿಟ್ಟಳು. ಅಡುಗೆಮನೆಗೆ ಹೋಗಿ ಯಾಕೆ ಬಂದೆನೆಂದು ಮರೆತು ವಾಪಸ್ಸು ಬಂದಳು. ಪತ್ರವನ್ನು ಜೇಬಿನಿಂದ ತೆಗೆದು ಮತ್ತೆ ಓದಿದಳು.

'ಪ್ರಿಯ ಮಿಸ್ ಥರ್ಟಲ್, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೋಸು, ಮೂಲಂಗಿ, ಓಟ್ಸ್ ಬೀಜಗಳು ಸಮುದ್ರದ ನೀರಲ್ಲಿ ನೆನೆದೂ ಮೊಳೆಯುತ್ತವೆಂದು ನನ್ನ ತೋಟದಲ್ಲೇ ಕಂಡುಕೊಂಡಿದ್ದೇನೆ. ಬಟಾಣಿ ಮಾತ್ರ ನನಗೆ ಕೈಕೊಟ್ಟಿತ್ತು. ಬಾಟಲಿಯಲ್ಲೇ ಕೊಳೆತುಹೋಗುತ್ತಿತ್ತು, ಬಿತ್ತಲೂ ಆಗುತ್ತಿರಲಿಲ್ಲ. ನಿಮ್ಮಲ್ಲಿ ನೂರು ದಿನ ನೆನೆದ ಇಪ್ಪತ್ತಕ್ಕೆ ಇಪ್ಪತ್ತೂ ಮೊಳೆತಿವೆ. ದೂರದ ದ್ವೀಪಗಳಿಗೆ ಗಿಡಗಳು ಹೇಗೆ ಹೋದವೆಂದು ಕೇಳುವವರಿಗೆ ಇನ್ನು ಬೇರೆ ಉತ್ತರ ಬೇಕಿಲ್ಲ, ತೇಲಿಕೊಂಡೇ ಹೋದವು. ಗುರುವಾರ ಸಂಜೆ ಲಂಡನ್ನಿನ ವಿಜ್ಞಾನಿಗಳ ಸಭೆಯಲ್ಲಿ ನಿಮ್ಮ ಪತ್ರವನ್ನು ನಿಮ್ಮ ಹೆಸರಿನ ಸಮೇತ ಓದುತ್ತೇನೆ. ಅದು ಅಚ್ಚಾಗುತ್ತದೆ.'

ಎಂಟು ವರ್ಷದಿಂದ ಅವರಿಬ್ಬರ ನಡುವೆ ಪತ್ರ ಓಡಾಡುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆ ಸಭೆಯ ಬಾಗಿಲೊಳಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಡಾರ್ಕಸ್ ಅಲ್ಲಿಗೆ ಹೋಗುವಂತಿರಲಿಲ್ಲ, ಅವಳ ಹೆಸರು ಹೋಗಬಹುದಿತ್ತು. ಇಷ್ಟು ವರ್ಷ ಊರವರ ಬಾಯಲ್ಲಿ 'ಪಾದ್ರಿಗಳ ಅಕ್ಕ' ಎಂದಷ್ಟೇ ಅನ್ನಿಸಿಕೊಂಡವಳಿಗೆ ಅದೇನು ಕಡಿಮೆಯೇ?

ಸಂಜೆ ಚಹಾಕ್ಕೆ ಕೂತಾಗ ತಮ್ಮ ಎಡ್ಮಂಡ್ ಅವಳನ್ನು ರೇಗಿಸಿದ.

"ಇನ್ಮೇಲೆ ಜನ ನನ್ನನ್ನ ಮಿಸ್ ಥರ್ಟಲ್ ಅವರ ತಮ್ಮ ಅಂತ ಗುರುತು ಹಿಡೀತಾರೆ. ಆರು ತಿಂಗಳು ನೆಲಮಾಳಿಗೇಲಿ ಆ ಗಬ್ಬು ವಾಸನೆ ಸಹಿಸ್ಕೊಂಡೆನಲ್ಲ, ಅದನ್ನೂ ಸಭೇಲಿ ಓದ್ತಾರಾ?"

"ನೂರು ದಿನ. ಆರು ತಿಂಗಳಲ್ಲ," ಎಂದಳು ಡಾರ್ಕಸ್.

"ನನ್ನ ಮೂಗಿಗೆ ಆರು ತಿಂಗಳೇ."

ಅವಳು ನಕ್ಕಳು, ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ತೋಟದಲ್ಲಿ ಒಂದು ಸುತ್ತು ಹಾಕಿದಳು. ಎಡ್ಮಂಡ್‌ನ ಲೆಟಿಸ್ ಸೊಪ್ಪಿನ ಸಾಲಿನಲ್ಲಿ ಬಸವನಹುಳು ಮೂರು ಗಿಡ ಪೂರ್ತಿ ತಿಂದು ಹಾಕಿತ್ತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುವುದು ಅವಳಿಗೆ ಅಂಟಿಕೊಂಡ ಚಟ.

ಮಂಗಳವಾರ ಬೆಳಿಗ್ಗೆ ಅದೇ ಸಾಲಿನ ಪಕ್ಕ ಹೋಗುವಾಗ ಅವಳ ಕಾಲು ನಿಂತಿತು. ಸಾಲು ತುಂಬಿತ್ತು. ಮೂರು ಗಿಡ ಮೂರೂ ಜಾಗದಲ್ಲಿ, ಅಕ್ಕಪಕ್ಕದವುಗಳಷ್ಟೇ ಎತ್ತರವಾಗಿ, ಏನೂ ಆಗಿಲ್ಲವೆಂಬಂತೆ ನಿಂತಿದ್ದವು. ತೋಟದ ಮಾಲಿ ಒಬಾಡಯ ಲಾರ್ಟರ್ ಅಲ್ಲೇ ಕಳೆ ಕೀಳುತ್ತಿದ್ದ. ಅರವತ್ತು ದಾಟಿದ ಮುದುಕ, ಒಂದು ಕಾಲದಲ್ಲಿ ಜಮೀನ್ದಾರರ ದೊಡ್ಡ ಬಂಗಲೆಯ ತೋಟದಲ್ಲಿ ಕೆಲಸ ಕಲಿತವನು.

"ಲಾರ್ಟರ್, ನಿನ್ನೆ ಇಲ್ಲಿ ಮೂರು ಗಿಡ ಇರ್ಲಿಲ್ಲ."

"ಇರ್ಲಿಲ್ಲ ಅಮ್ಮಾವ್ರೆ. ತುಂಬ್ಸಿದೀನಿ."

"ಎಲ್ಲಿಂದ ತಂದೆ?"

"ಗೋಡೆ ಹಿಂದೆ ಬೇರೆ ಪಾತಿ ಮಾಡಿರ್ತೀನಲ್ಲ, ಅಲ್ಲಿಂದ. ಇಲ್ಲೊಂದು ಸತ್ರೆ ಅಲ್ಲಿಂದೊಂದು. ದೊಡ್ಡ ಬಂಗ್ಲೇಲಿ ಸೇರಿದ ಮೊದಲನೇ ದಿನಾನೇ ಹೇಳಿಕೊಟ್ಟಿದ್ದು ಅದು. ಧಣಿಗಳು ತಿಂಡಿ ಮುಗಿಸಿ ತೋಟಕ್ಕೆ ಬರೋದ್ರೊಳಗೆ ಸಾಲಲ್ಲಿ ಖಾಲಿ ಜಾಗ ಕಾಣಬಾರ್ದು. ಕಂಡ್ರೆ ದೊಡ್ಡ ಮಾಲಿ ನಮ್ಮ ಚರ್ಮ ಸುಲಿಯೋನು." ಅವನು ಕೈ ಒರೆಸಿಕೊಂಡು ಸಾಲನ್ನು ಹೆಮ್ಮೆಯಿಂದ ನೋಡಿದ. "ಯಾವುದು ಹೊಸಾದು ಅಂತ ಯಾರಾದ್ರೂ ಹೇಳ್ಲಿ ನೋಡೋಣ."

ಡಾರ್ಕಸ್‌ಗೆ ಕೇಳದೆ ಹೋಗಿಬಿಡೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಕೇಳಿಯೇ ಬಿಟ್ಟಳು.

"ನಾನು ಬಟಾಣಿ ಬಿತ್ತಿದ ಪೆಟ್ಟಿಗೇಲೂ ತುಂಬ್ಸಿದ್ಯಾ?"

"ಮತ್ತೆ? ನಾರ್ವಿಚ್‌ಗೆ ಹೋಗುವಾಗ ನೋಡ್ಕೋ ಅಂತ ಹೇಳಿ ಹೋಗಿದ್ರಲ್ಲ. ಪಾಪ, ಚಳಿಗಾಲ ಪೂರ್ತಿ ಆ ನಾರೋ ಬಾಟ್ಲಿಗಳ ಹಿಂದೆ ಬಿದ್ದಿದ್ರಿ. ನೀವು ಬಂದು ಬರೀ ಮಣ್ಣು ನೋಡೋದು ಬೇಡ ಅನ್ನಿಸ್ತು."

ಅವನ ಕೈಯಲ್ಲಿದ್ದ ಸಲಿಕೆ ಕಿತ್ತುಕೊಂಡು ಬೇಲಿಯಾಚೆ ಎಸೆಯುವಷ್ಟು ಸಿಟ್ಟು ಅವಳಿಗೆ ಬಂತು. ಅವನ ಮುಖ ನೋಡಿದರೆ, ಶಭಾಷ್ ಅನ್ನಿಸಿಕೊಳ್ಳಲು ಕಾದು ನಿಂತ ಹಾಗಿತ್ತು. ಬೈಯುವುದಾದರೂ ಏನೆಂದು? ಅವನು ಕದ್ದಿರಲಿಲ್ಲ, ಕೆಡಿಸಬೇಕೆಂದು ಮಾಡಿರಲಿಲ್ಲ. ಬೀಜ ಮೊಳೆಯದೆ ಹೋಗುವುದೂ ಒಂದು ಉತ್ತರವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಇಬ್ಬರೂ ಗಿಡ ಬೆಳೆಸುವ ಗಾಜಿನ ಮನೆಯೊಳಗೆ ಹೋಗಿ ಪೆಟ್ಟಿಗೆಯ ಮುಂದೆ ನಿಂತರು. ಇಪ್ಪತ್ತು ಬಟಾಣಿ ಗಿಡ, ನಾಲ್ಕು ಸಾಲು, ಒಂದಕ್ಕಿಂತ ಒಂದು ಚೆಂದ.

"ತಾವಾಗೇ ಬಂದಿದ್ದು ಒಂದಾದ್ರೂ ಇತ್ತಾ?" ಎಂದು ಡಾರ್ಕಸ್ ಕೇಳಿದಳು. ಒಂದೇ ಒಂದು ಸಾಕಿತ್ತು. ನೂರು ದಿನ ಉಪ್ಪುನೀರಲ್ಲಿದ್ದು ಒಂದು ಬಟಾಣಿ ಮೊಳೆತಿದ್ದರೂ ಹ್ಯಾಲಮ್ ಅವರ ಮಾತು ನಿಲ್ಲುತ್ತಿತ್ತು, ಅವಳ ಹೆಸರೂ ನಿಲ್ಲುತ್ತಿತ್ತು.

ಲಾರ್ಟರ್ ಪೆಟ್ಟಿಗೆ ನೋಡಲಿಲ್ಲ. ಅವಳ ಮುಖ ನೋಡಿದ.

"ಎರಡು ಇದ್ವು ಅಮ್ಮಾವ್ರೆ."

"ಯಾವ ಎರಡು?"

ಅವನು ಮೂಲೆಯ ಒಂದು ಗಿಡ ತೋರಿಸಿದ. ಸ್ವಲ್ಪ ಯೋಚಿಸಿ ನಡುವಿನದೊಂದನ್ನು ತೋರಿಸಿದ. ಅವಳು ಉಸಿರು ಬಿಟ್ಟದ್ದನ್ನು ಕಂಡು ಅವನ ಮುಖವೂ ಅರಳಿತು.

"ಮೂರೂ ಇದ್ದಿರ್ಬೋದು," ಎಂದ.

ಅಲ್ಲಿಗೆ ಮುಗಿಯಿತು. ಆ ಎರಡೂ ಎಲ್ಲಿಂದ ಬಂದವೆಂದು ಅವಳಿಗೆ ಅರ್ಥವಾಯಿತು. ಅವಳು ಐದು ಬೇಕೆಂದರೆ ಮುದುಕ ಐದೂ ಹುಡುಕಿ ಕೊಡುತ್ತಿದ್ದ.

ಕೋಣೆಗೆ ಬಂದು ಪತ್ರ ಬರೆಯಲು ಕೂತಳು. ಹಳ್ಳಿಯಿಂದ ಅಂಚೆ ಚೀಲ ಮೂರೂವರೆಗೆ ಹೊರಡುತ್ತದೆ. ಇವತ್ತು ಹಾಕಿದರೆ ನಾಳೆ ತಿಂಡಿಯ ಹೊತ್ತಿಗೆ ಹ್ಯಾಲಮ್ ಅವರ ಕೈಯಲ್ಲಿರುತ್ತದೆ. ನಾಳೆ ಹಾಕಿದರೆ, ಅವರು ಸಭೆಗೆ ಹೊರಟಮೇಲೆ ಅವರ ಮನೆ ಮುಟ್ಟಬಹುದು. ಸರಸರನೆ ಒಂದು ಪುಟ ಬರೆದಳು. ನನ್ನ ಮಾಲಿ ನನಗೆ ಹೇಳದೆ ಹೀಗೆ ಮಾಡಿದ, ಅನಕ್ಷರಸ್ಥ, ಅವನ ತಪ್ಪಿಗೆ ನಾನು ನಾಚಿಕೆಪಡುತ್ತೇನೆ ಎಂದೆಲ್ಲ ಬರೆದಾಯಿತು. ತಾರೀಖು ಸರಿನೋಡಲು ತನ್ನ ದಿನಚರಿ ತೆರೆದಳು.

ಅಲ್ಲಿ ಬೀಜ ಬಿತ್ತಿದ ದಿನದಿಂದ ಒಂದೊಂದು ದಿನಕ್ಕೂ ಒಂದೊಂದು ಸಾಲಿತ್ತು. ನಾಲ್ಕನೇ ದಿನ, ಏನಿಲ್ಲ. ಐದನೇ ದಿನ, ಎರಡು. ಆರನೇ ದಿನ, ಏಳು. ಏಳನೇ ದಿನ, ಹದಿನಾಲ್ಕು. ಎಂಟನೇ ದಿನ, ಇಪ್ಪತ್ತು. ನಾಲ್ಕರಿಂದ ಎಂಟರವರೆಗೆ ಅವಳು ನಾರ್ವಿಚ್‌ನಲ್ಲಿ ಇನ್ನೊಬ್ಬ ತಮ್ಮನ ಬಾಣಂತಿ ಹೆಂಡತಿಯ ಮಂಚದ ಪಕ್ಕದಲ್ಲಿದ್ದಳು. ವಾಪಸ್ಸು ಬಂದಾಗ ಇಪ್ಪತ್ತೂ ಎದ್ದು ನಿಂತಿದ್ದವು. ಐದು ದಿನದ ಜಾಗ ಖಾಲಿ ಬಿಡಲು ಮನಸ್ಸು ಬರಲಿಲ್ಲ. ಹೀಗೇ ಬಂದಿರಬೇಕೆಂದು ಅಂದಾಜು ಮಾಡಿ, ಅದೇ ಅಕ್ಷರದಲ್ಲಿ, ಅದೇ ಮಸಿಯಲ್ಲಿ ಬರೆದು ತುಂಬಿಸಿದ್ದಳು. ಹ್ಯಾಲಮ್ ಅವರಿಗೆ 'ದಿನವೂ ನಾನೇ ಎಣಿಸಿದೆ' ಎಂದೂ ಬರೆದಿದ್ದಳು. ಬರೆಯುವಾಗ ಅದು ಸುಳ್ಳೆಂದು ಅವಳಿಗೆ ಅನ್ನಿಸಿರಲೂ ಇಲ್ಲ.

ಖಾಲಿ ಜಾಗ ಕಾಣದಂತೆ ಮಾಡಿದ್ದು ಮಾಲಿಯೊಬ್ಬನೇ ಅಲ್ಲ. ಲಾರ್ಟರ್ ಆದರೋ ಓದುಬರಹ ಕಲಿತವನಲ್ಲ. ಅವಳು ಎದ್ದು ಕಿಟಕಿಯ ತನಕ ಹೋದಳು, ಬಂದಳು, ಮತ್ತೆ ಹೋದಳು. ಅಷ್ಟರಲ್ಲಿ ಎಡ್ಮಂಡ್ ಒಳಗೆ ಬಂದ. ಅವನಿಗೆ ಎಲ್ಲವನ್ನೂ ಹೇಳಿದಳು, ದಿನಚರಿಯದ್ದೊಂದು ಬಿಟ್ಟು.

"ಎರಡು ಅಂತ ಲಾರ್ಟರೇ ಹೇಳ್ತಾನಲ್ಲ," ಎಂದ ಎಡ್ಮಂಡ್. "ಇಪ್ಪತ್ತಲ್ಲ ಎರಡು ಅಂತ ಬರೆದ್ಬಿಡು. ಅದೇನು ಸುಳ್ಳಲ್ಲ."

"ಸುಳ್ಳೋ ನಿಜಾನೋ ಅಂತಾನೇ ಗೊತ್ತಿಲ್ಲ."

"ಹಾಗಾದ್ರೆ ಗುರುವಾರ ಕಳೀಲಿ. ಆಮೇಲೆ ನಿಧಾನವಾಗಿ ತಿದ್ದಿ ಬರಿ. ಇಷ್ಟಕ್ಕೂ ಬಟಾಣಿ ಡಾರ್ಕಸ್, ಯಾರ ಪ್ರಾಣ ಹೋಗುತ್ತೆ?"

"ನಿನ್ನ ಚರ್ಚಿನ ಕೆಲಸ ನೀನು ನೋಡ್ಕೋ," ಎಂದಳು ಅವಳು, ಸ್ವಲ್ಪ ಜೋರಾಗಿಯೇ. ಅವನು ಮುಖ ಸಣ್ಣ ಮಾಡಿಕೊಂಡು ಹೊರಗೆ ಹೋದ. ಆಸೆಪಟ್ಟಿದ್ದು ಅವಳೊಬ್ಬಳೇ ಅಲ್ಲ, ಅವನೂ ಎಷ್ಟು ಜನರಿಗೆ ಹೇಳಿಕೊಂಡು ಬಂದಿದ್ದನೋ.

ಅವಳು ಬರೆದದ್ದನ್ನು ಹರಿದು ಒಲೆಗೆ ಹಾಕಿದಳು. ಎರಡನೇ ಸಲ ಬರೆದದ್ದು ಅರ್ಧ ಪುಟವೂ ಇರಲಿಲ್ಲ. ಗಿಡ ನೆಟ್ಟದ್ದು ಮಾಲಿ, ಅದು ಅವನು ಕಲಿತ ಪದ್ಧತಿ. ಎಷ್ಟು ತಾವಾಗಿ ಮೊಳೆತವೋ ತಿಳಿಯದು, ಒಂದೂ ಇಲ್ಲವೆಂದೇ ಹಿಡಿಯಬೇಕು. ಐದು ದಿನ ನಾನು ಊರಲ್ಲಿರಲಿಲ್ಲ, ಆ ಐದು ದಿನದ ಎಣಿಕೆ ನಾನು ಕಟ್ಟಿ ಬರೆದದ್ದು. ದಯವಿಟ್ಟು ನನ್ನ ಪತ್ರ ಓದಬೇಡಿ. ಕೆಲಸದವಳ ಕೈಗೆ ಕೊಡದೆ ತಾನೇ ಟೋಪಿ ಕಟ್ಟಿಕೊಂಡು ಅಂಚೆ ಕಚೇರಿಗೆ ನಡೆದಳು. ಹೊರಬರುವಾಗ ಪತ್ರ ವಾಪಸ್ಸು ಕೊಡಿ ಎಂದು ಕೇಳಬೇಕೆನ್ನಿಸಿ ಎರಡು ಸಲ ಹಿಂದಿರುಗಿ ನೋಡಿದಳು.

ಬುಧವಾರ ಹೇಗೆ ಕಳೆಯಿತೋ ಅವಳಿಗೇ ಗೊತ್ತು. ಒಂಬತ್ತಕ್ಕೆ, ಈಗ ಅವರು ಲಕೋಟೆ ಒಡೆದಿರಬೇಕು. ಒಂಬತ್ತೂಕಾಲಿಗೆ, ಈಗ ಓದಿ ಮುಗಿದಿರಬೇಕು. ಇನ್ನು ಅವರ ಅಕ್ಷರ ಈ ಮನೆಗೆ ಬರುವುದಿಲ್ಲವೆಂದು ಅವಳಿಗೆ ಖಾತ್ರಿಯಾಗಿತ್ತು. ಎಂಟು ವರ್ಷದ ಪತ್ರಗಳನ್ನು ತೆಗೆದು ಕಟ್ಟು ಕಟ್ಟಿದಳು, ಬಿಚ್ಚಿದಳು. ನೆಲಮಾಳಿಗೆಗೆ ಹೋಗಿ ಖಾಲಿ ಬಾಟಲಿಗಳನ್ನು ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಲಾರ್ಟರ್ ಕಿಟಕಿಯ ಹೊರಗೆ ನಿಂತು, "ನನ್ನಿಂದ ಏನಾದ್ರೂ ತೊಂದ್ರೆ ಆಯ್ತಾ ಅಮ್ಮಾವ್ರೆ?" ಎಂದು ಕೇಳಿದ. "ಇಲ್ಲ," ಎಂದಳು. ಅದೂ ಸುಳ್ಳೇ ಎಂದುಕೊಂಡು ಹೊರಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಮುದುಕ ಕೈಯಲ್ಲಿದ್ದ ಸಲಿಕೆಯನ್ನು ಕೆಳಗಿಟ್ಟ.

"ಸತ್ತಿದ್ದನ್ನ ಸತ್ತಂಗೇ ಬಿಡ್ಬೇಕಿತ್ತು ಅನ್ನಿ," ಎಂದ. "ಯಾರೂ ಹಂಗೆ ಹೇಳಿರ್ಲಿಲ್ಲ ನಂಗೆ."

ಗುರುವಾರ ಬೆಳಿಗ್ಗೆ ಪತ್ರ ಬಂತು. ಎಡ್ಮಂಡ್ ಮೊಟ್ಟೆ ಒಡೆಯುತ್ತಿದ್ದ. ಅವಳು ನಿಂತುಕೊಂಡೇ ಓದಿದಳು.

'ಪ್ರಿಯ ಮಿಸ್ ಥರ್ಟಲ್, ಮೊದಲು ನನಗೆ ನಿಮ್ಮ ಮೇಲೆ ವಿಪರೀತ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಆಮೇಲೆ ನನ್ನ ಮಾಲಿಯನ್ನು ಕರೆಸಿದೆ. ವಿಗ್ಸೆಲ್ ನನ್ನಲ್ಲಿ ಹನ್ನೊಂದು ವರ್ಷದಿಂದ ಇದ್ದಾನೆ. ಅವನೂ ದೊಡ್ಡ ಮನೆಯ ತೋಟದಲ್ಲಿ ಪಳಗಿದವನೇ. ನೀವು ಕೇಳಿದ್ದನ್ನೇ ಅವನಿಗೂ ಕೇಳಿದೆ. ಇಷ್ಟು ವರ್ಷ ನನಗಿದು ಗೊತ್ತಿರಲಿಲ್ಲವೇ ಎಂದು ಅವನಿಗೇ ಆಶ್ಚರ್ಯ. ಕೋಸಿನಲ್ಲಿ ಎಷ್ಟು ಗಿಡ ತುಂಬಿಸಿದ, ಮೂಲಂಗಿಯಲ್ಲಿ ಎಷ್ಟು, ಅವನಿಗೆ ನೆನಪಿಲ್ಲ. ಗುರುವಾರ ಸಂಜೆ ನಾನು ಓದುವುದು ಒಂದೇ, ನಾನು ಅಚ್ಚು ಹಾಕಿಸಿದ್ದರಲ್ಲಿ ಇನ್ನು ಯಾರೂ ನಂಬಬಾರದ ಪ್ರಯೋಗಗಳ ಪಟ್ಟಿ. ಅದು ಯಾರಿಂದ ತಿಳಿಯಿತೆಂದು ಹೇಳಲೇಬೇಕು, ನಿಮ್ಮ ಹೆಸರು ಹೇಳುತ್ತೇನೆ. ಐದು ದಿನ ನೀವು ಕಟ್ಟಿ ಬರೆದದ್ದನ್ನೂ ಹೇಳುತ್ತೇನೆ. ಅದನ್ನು ಬಿಟ್ಟರೆ ಉಳಿದದ್ದನ್ನು ಯಾರೂ ನಂಬುವುದಿಲ್ಲ. ಎರಡೂ ಅಚ್ಚಾಗುತ್ತವೆ. ನಿಮ್ಮ ಅಪ್ಪಣೆ ಕೇಳಲು ಸಮಯವಿಲ್ಲ, ಕ್ಷಮಿಸಿ.'

"ಏನಂತೆ?" ಎಡ್ಮಂಡ್ ಕೇಳಿದ.

"ಸಂಜೆ ಸಭೇಲಿ ನನ್ನ ಹೆಸರು ಓದ್ತಾರಂತೆ."

"ನೋಡಿದ್ಯಾ, ನಾನು ಹೇಳ್ಲಿಲ್ವಾ," ಎಂದು ಅವನು ಚಮಚ ಕೆಳಗಿಟ್ಟು ಮುಖ ತುಂಬ ನಕ್ಕ. "ಎರಡು ದಿನದಿಂದ ಸುಮ್ನೆ ಪ್ರಾಣ ತಿಂದೆ. ಕೊಡು ಇಲ್ಲಿ."

ಡಾರ್ಕಸ್‌ಗೆ ನಾಚಿಕೆಯಾಯಿತು, ಭಯವೂ ಆಯಿತು. ಆದರೆ ಆ ಪತ್ರದಲ್ಲಿ ಇದು ಬೇಡ ಎನ್ನಬಹುದಾದ ಒಂದು ಮಾತೂ ಅವಳಿಗೆ ಸಿಗಲಿಲ್ಲ. ಅವಳು ಪತ್ರವನ್ನು ತಮ್ಮನ ಕೈಗೆ ಕೊಟ್ಟಳು. ಅವನ ನಗು ಯಾವ ಸಾಲಿಗೆ ನಿಲ್ಲುತ್ತದೆಂದು ನೋಡುತ್ತ ಅಲ್ಲೇ ನಿಂತಳು.