ಕಮಾನಿನ ಮೇಲಿನ ಗಾಜು

ಗಾಜು ಮತ್ತೆ ಒಡೆದಿತ್ತು. ಏಣಿಯ ಮೇಲೆ ನಿಂತಿದ್ದ ಚಂದ್ರಪ್ಪ ಕಮಾನಿನ ಬಿರುಕಿನ ಮೇಲೆ ಬೆರಳಾಡಿಸಿದ.

ಹಳೆ ದಿಲ್ಲಿಯ ಆ ಹವೇಲಿಯನ್ನು ದುರಸ್ತಿ ಮಾಡಿ ಗ್ರಂಥಾಲಯವಾಗಿಸುವ ಕೆಲಸಕ್ಕೆ ಅವನು ಮೇಲ್ವಿಚಾರಕ. ಇಂಥ ಹಳೆಯ ಕಟ್ಟಡದಲ್ಲಿ ಬಿರುಕು ಕಂಡರೆ ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆದು, ಸಹಿ ಹಾಕುತ್ತಾರೆ. ಗಾಜು ಉಳಿದರೆ ಗೋಡೆ ನಿಂತಿದೆ. ಒಡೆದರೆ ಇನ್ನೂ ಸರಿಯುತ್ತಿದೆ.

ಚಂದ್ರಪ್ಪನಿಗೆ ಇದು ಗೊತ್ತಿರಲಿಲ್ಲವೇ? ಮೂವತ್ತು ವರ್ಷ ಸುಣ್ಣ ಕಲಸಿದವನು, ಚೆನ್ನಾಗಿಯೇ ಗೊತ್ತಿತ್ತು. ಆದರೆ ನಾಲ್ಕು ತಿಂಗಳ ಹಿಂದೆ ಮೊದಲ ಗಾಜು ಒಡೆದಾಗ ಕಿಟಕಿಗಳಿಗೆ ಬಾಗಿಲಿರಲಿಲ್ಲ, ಒಳಗೆಲ್ಲ ಕೋತಿಗಳ ಕಾಟ. ಹೇಳಿದರೆ ಕೆಲಸ ನಿಲ್ಲುತ್ತದೆಂದು ಹೆದರಿದ ಮಹಾರಾಯ, ಮನಸ್ಸಿನಲ್ಲೇ ಕೋತಿಯ ತಲೆಯ ಮೇಲೆ ಗೂಬೆ ಕೂರಿಸಿ ಸುಮ್ಮನಾದ. ಹೊಸ ಗಾಜು ಅಂಟಿಸಿ ಹಳೆಯ ತಾರೀಖನ್ನೇ ಬರೆದ. ಪ್ರಾಜೆಕ್ಟ್ ಮ್ಯಾನೇಜರ್ ಸಿಂಧೂರಳ ಸಹಿಯನ್ನೂ ತಾನೇ ಹಾಕಿದ.

ಈಗ ಕಿಟಕಿಗಳಿಗೆಲ್ಲ ಜಾಲರಿ ಬಂದಿದೆ. ಕೋತಿ ಎಲ್ಲಿಂದ ಬರಬೇಕು?

ನಾಳೆ ಉದ್ಘಾಟನೆ. ಮುಖರ್ಜಿ ನಗರದಲ್ಲಿ ಕೋಚಿಂಗಿಗೆ ಹೋಗುವ ಇನ್ನೂರು ಮಕ್ಕಳು ಇದೇ ಕಮಾನಿನ ಕೆಳಗೆ ಓದಲು ಕೂರುತ್ತಾರೆ. ಜೇಬಿನಲ್ಲಿ ಇನ್ನೊಂದು ಪಟ್ಟಿ ಇತ್ತು. ಹತ್ತು ನಿಮಿಷದ ಕೆಲಸ, ಯಾರಿಗೂ ಗೊತ್ತಾಗುವುದಿಲ್ಲ. ಹಾಳು ಕೈ ಜೇಬಿನವರೆಗೂ ಹೋಯಿತು. ಕೆಳಗೆ ಸಾಲಾಗಿ ಜೋಡಿಸಿದ ಕುರ್ಚಿಗಳು ಕಂಡವು. ಅವನು ಏಣಿ ಇಳಿದ.

ಸಿಂಧೂರ ಅಂಗಳದಲ್ಲಿ ಆಹ್ವಾನ ಪತ್ರಿಕೆಗಳನ್ನು ಎಣಿಸುತ್ತಿದ್ದಳು.

"ಮೇಡಂ, ಕಮಾನಿನ ಗಾಜು ಒಡೆದಿದೆ."

"ಯಾವಾಗ?"

"ಇದು ಇವತ್ತು. ಇದಕ್ಕೂ ಮುಂಚೆ ಒಂದು ಒಡೆದಿತ್ತು, ಹೋಳಿಯ ಮಾರನೇ ದಿನ. ನಾನೇ ಬದಲಾಯಿಸ್ದೆ. ನಿಮ್ಮ ಸಹಿ ಹಾಕಿದ್ದೂ ನಾನೇ."

ಅವಳು ಒಳಗೆ ಹೋಗಿ, ಏಣಿ ಹತ್ತಿ, ತನ್ನದಲ್ಲದ ತನ್ನ ಸಹಿಯನ್ನು ನೋಡಿದಳು. ಇಳಿದಾಗ ಕಣ್ಣು ಕೆಂಪಾಗಿತ್ತು.

"ನಾಲ್ಕು ತಿಂಗಳಿಂದ ನಮ್ಮ ಜನ ಇದರ ಕೆಳಗೇ ಕೆಲಸ ಮಾಡಿದಾರೆ, ಚಂದ್ರಪ್ಪನವರೇ."

ಅವನು ತಲೆ ತಗ್ಗಿಸಿದ.

ಅವಳು ಒಂದೊಂದಾಗಿ ಫೋನ್ ಮಾಡಿದಳು. ಉದ್ಘಾಟನೆ ನಿಂತಿತು. ಕುರ್ಚಿಗಳು ವಾಪಸು ಹೋದವು. ಸಂಜೆಯ ಹೊತ್ತಿಗೆ ಕಮಾನಿನ ಕೆಳಗೆ ಕಬ್ಬಿಣದ ಕಂಬಗಳ ಆಸರೆ ಬಂತು. ಚಂದ್ರಪ್ಪ ಕುತ್ತಿಗೆಯ ಗುರುತಿನ ಚೀಟಿ ಬಿಚ್ಚಿ ಅವಳ ಮುಂದೆ ಹಿಡಿದ.

"ಅದನ್ನ ಆಫೀಸ್ ನಿರ್ಧರಿಸುತ್ತೆ. ನಾನು ಎಲ್ಲಾ ಬರೆದು ಕಳಿಸ್ಲೇಬೇಕು," ಎಂದಳು. "ಗಾಜಿದೆಯಾ?"

ಅವನು ಜೇಬಿನಿಂದ ಪಟ್ಟಿ ತೆಗೆದ.

"ಅಂಟಿಸಿ. ಇವತ್ತಿನ ತಾರೀಖು. ಸಹಿ ನಿಮ್ಮದೇ ಇರಲಿ."

ಮೂವತ್ತು ವರ್ಷದಲ್ಲಿ ಅವನು ಎಷ್ಟೋ ಗೋಡೆ ನಿಲ್ಲಿಸಿದ್ದ. ಒಂದರ ಮೇಲೂ ಅವನ ಹೆಸರಿರಲಿಲ್ಲ. ಸಿಂಧೂರಳ ಸಹಿಯನ್ನು ಒಂದೇ ಏಟಿಗೆ ಗೀಚಿದ್ದ ಕೈ, ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆಯಿತು.