ನೂರೈವತ್ತು ಹೋಗಿ ಮೂವತ್ತು ಬಂದದ್ದು

೧

ಎಲ್ಲಿಂದ ಶುರು ಮಾಡಲಿ? ಡೈರಿಯಲ್ಲಾದರೆ ಈ ತಾಪತ್ರಯವಿಲ್ಲ. ಮೇಲೆ ತಾರೀಕು ಹಾಕಿದರೆ ಶುರುವಾದಂತೆಯೇ. ಕಥೆಗೆ ಅಷ್ಟು ಸಾಲದು. ಎದುರಿಗೆ ನೀವು ಬೇರೆ ಕೂತಿದ್ದೀರಿ. ಎದುರಿಗೆ ಯಾರಾದರೂ ಕೂತರೆ ನನ್ನ ಬಾಯಿ ಒಣಗುತ್ತದೆ. (ಬರೆಯುವಾಗಲೂ. ನಗಬೇಡಿ.)

ಒಂದು ಆರಂಭ: "ಅಕ್ಕ ಬೋರ್ಡಿನ ಮೇಲೆ ತಪ್ಪು ಬರೆದಳು." ಹೊಡೆದು ಹಾಕಿದೆ. ಅಕ್ಕನನ್ನು ತಪ್ಪಿನಿಂದ ಪರಿಚಯಿಸುವುದು ನ್ಯಾಯವಲ್ಲ.

ಇನ್ನೊಂದು: "ನನ್ನ ಅಕ್ಕ ಗಣಿತದ ಲೆಕ್ಚರರ್." ಇದು ಅರ್ಧ ಸುಳ್ಳು. ಅವಳು ಬಹಳ ವರ್ಷಗಳಿಂದ ಟ್ಯುಟೋರಿಯಲ್‌ನಲ್ಲಿ ಗಂಟೆ ಲೆಕ್ಕಕ್ಕೆ ಪಾಠ ಮಾಡುವವಳು. ಪೂರ್ತಿ ನಿಜವಾಗಬೇಕಾದರೆ ಕಾಲೇಜಿನ ಆ ಒಂದು ಖಾಯಂ ಹುದ್ದೆ ಸಿಗಬೇಕು. ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತದೆ. ಡೆಮೊ ಕ್ಲಾಸ್ ಗೆದ್ದರೆ ಹುದ್ದೆ. ಇಲ್ಲದಿದ್ದರೆ ಇಲ್ಲ.

ಸರಿ, ಅಲ್ಲಿಗೆ ಶುರುವಾಯಿತು ಅಂದುಕೊಳ್ಳೋಣ.

೨

ಡೆಮೊಗೆ ಕೊಟ್ಟ ವಿಷಯ ಸೈನ್ ಇನ್ವರ್ಸ್. ಕೋನ ಕೊಟ್ಟರೆ ಬೆಲೆ ಹೇಳುವುದು ಸೈನ್, ಬೆಲೆಯಿಂದ ಕೋನಕ್ಕೆ ಮರಳುವುದು ಅದರ ಇನ್ವರ್ಸ್. ವಾರವಿಡೀ ಅಡುಗೆಮನೆಯೇ ತರಗತಿ, ಫ್ರಿಜ್ಜಿನ ಬಾಗಿಲೇ ಬೋರ್ಡು, ಅಮ್ಮನೇ ವಿದ್ಯಾರ್ಥಿನಿ. ಅಕ್ಕ ಕ್ಯಾಲ್ಕುಲೇಟರ್ ಅವಳ ಕೈಗಿತ್ತು, "ನೂರೈವತ್ತು ಒತ್ತು, ಸೈನ್ ಒತ್ತು," ಅಂದಳು.

"ಸೊನ್ನೆ ಪಾಯಿಂಟ್ ಐದು ಅಂತಿದೆ."

"ಈಗ ಇನ್ವರ್ಸ್ ಒತ್ತು, ಸೈನ್ ಮೇಲೆ ಮೈನಸ್ ೧ ಅಂತಿದೆಯಲ್ಲ, ಅದು. ಬಂದ ದಾರೀಲೇ ವಾಪಸ್ ಹೋಗು ಅಂತ ಅರ್ಥ."

ಅಮ್ಮ ಒತ್ತಿದಳು. ಕನ್ನಡಕ ಮೇಲಕ್ಕೆ ಸರಿಸಿ ನೋಡಿದಳು. "ಮೂವತ್ತು ಬಂತಲ್ಲೇ! ನೂರೈವತ್ತು ಹೋಗಿ ಮೂವತ್ತು ಬಂದ್ರೆ ಈ ಮಿಷನ್ ಕೆಟ್ಟಿದೆ ಅಂತ. ಅಂಗಡಿಗೆ ವಾಪಸ್ ಕೊಡು."

"ಕೆಟ್ಟಿಲ್ಲಮ್ಮ. ಅದೇ ಪಾಠ."

"ಇಂಥಾ ಪಾಠಾನಾ? ಪಾಪ, ಮಕ್ಕಳು."

೩

ಡೆಮೊ ನಡೆದದ್ದು ರಜೆಯ ದಿನ. ಬೆಂಚು ತುಂಬಿಸಲು ವಿದ್ಯಾರ್ಥಿಗಳಿರಲಿಲ್ಲ. ಅದಕ್ಕೆ ಕಾಲೇಜಿನವರು ಪ್ರತಿ ಅಭ್ಯರ್ಥಿಯೂ ಒಬ್ಬೊಬ್ಬರನ್ನು ಕರೆತರಬೇಕೆಂದಿದ್ದರು. ಹಾಗೆ ಭಾಷಾ ಪದವೀಧರೆಯಾದ ನಾನು ಗಣಿತದ ತರಗತಿಯಲ್ಲಿ ಕೂತೆ. ಪಕ್ಕದಲ್ಲಿ ಯಾರದೋ ಗಂಡ, ಹಿಂದೆ ಯಾರದೋ ಸೋದರಮಾವ. ಕಿಟಕಿಯ ಬಳಿ ಪರೀಕ್ಷಕರು. ಅವರಲ್ಲಿ ಹಿರಿಯರು ಮಾತಿಗೊಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅವರನ್ನು ಗಂಟಲು ಸರ್ ಎಂದು ಕರೆಯೋಣ.

ಅಕ್ಕ ಬೋರ್ಡಿನ ಮೇಲೆ ಬರೆದಳು: ಸೈನ್ ಇನ್ವರ್ಸ್ ಆಫ್ ಸೈನ್ ನೂರೈವತ್ತು. ಆಮೇಲೆ ಸೈನ್ ಇನ್ವರ್ಸಿಗೊಂದು ಗೀಟು, ಸೈನಿಗೊಂದು ಗೀಟು, ಕ್ಯಾನ್ಸಲ್. ಈಕ್ವಲ್ ಟು ನೂರೈವತ್ತು.

ಗಣಿತದವರು ಮಾತ್ರ ಮಾಡಬಲ್ಲ ತಪ್ಪು ಅದು. ಗೊತ್ತಿಲ್ಲದವರು ಪೆದ್ದುಪೆದ್ದಾಗಿ ಮೂವತ್ತು ಅನ್ನುತ್ತಿದ್ದರು, ಅಮ್ಮನ ಹಾಗೆ. ಟ್ಯುಟೋರಿಯಲ್‌ನಲ್ಲಿ ಗಡಿಯಾರ ನೋಡಿಕೊಂಡು ಕ್ಯಾನ್ಸಲ್ ಹೊಡೆದು ಪಳಗಿದ ಕೈ ಅಕ್ಕನಿಗಿಂತ ಮುಂದೆ ಓಡಿತ್ತು.

ಗಂಟಲು ಸರ್ ಪೆನ್ನು ತೆಗೆದರು.

ಆಗ ನಾನು ಕೈ ಎತ್ತಿದೆ. "ಮೇಡಂ," ಎಂದೆ, ಸ್ಪಷ್ಟವಾದ ದನಿಯಲ್ಲಿ...

("ಲೇ, ನೀನೆಲ್ಲೇ ಕೈ ಎತ್ತಿದೆ?" ಬೆನ್ನ ಹಿಂದೆ ಅಕ್ಕ. ಒದ್ದೆ ಕೂದಲು ಒರೆಸುತ್ತಾ ಓದುತ್ತಿದ್ದಾಳೆ. ನನ್ನ ಹಾಳೆಯ ಮೇಲೆ ನೀರಿನ ಹನಿ. "ಡೆಸ್ಕ್ ಕೆಳಗೆ ಸೇರ್ಕೊಂಡಿದ್ದೆ ಹೆಚ್ಚುಕಡಿಮೆ."

"ಇದು ಕಥೆ ಅಕ್ಕಾ."

"ಕಥೇಲಿ ನನ್ನ ತಪ್ಪು ಮಾತ್ರ ನಿಜ, ನಿನ್ನ ಹೆದರಿಕೆ ಸುಳ್ಳಾ? ಚೆನ್ನಾಗಿದೆ ಕಣೇ.")

೩, ಮತ್ತೊಮ್ಮೆ

ನಾನು ಕೈ ಎತ್ತಲಿಲ್ಲ. ಎತ್ತಬೇಕಾಗಿಯೂ ಬರಲಿಲ್ಲ. ಅಕ್ಕ ಒಂದು ಹೆಜ್ಜೆ ಹಿಂದೆ ಸರಿದು ಬೋರ್ಡನ್ನೇ ದಿಟ್ಟಿಸಿದಳು, ಸಾರಿಗೆ ಉಪ್ಪು ಎರಡು ಸಲ ಬಿತ್ತೇನೋ ಎಂದು ಅನುಮಾನ ಬಂದವಳಂತೆ. ಡಸ್ಟರ್ ಕೈಯಳತೆಯಲ್ಲೇ ಇತ್ತು. ಅದನ್ನು ಮುಟ್ಟಲಿಲ್ಲ.

"ಇದು ತಪ್ಪು," ಅಂದಳು. "ಬರೆದವಳು ನಾನೇ. ಹಾಗೇ ಇರಲಿ. ಯಾಕೆ ತಪ್ಪು ಅಂತ ಎಲ್ಲರೂ ಸೇರಿ ನೋಡೋಣ. ನೀವೆಲ್ಲ ಯಾವ್ಯಾವ ತಿಂಗಳಲ್ಲಿ ಹುಟ್ಟಿದ್ದು?"

(ಓದುಗರೇ, ಇದು ತಯಾರಿಯಲ್ಲಿರಲಿಲ್ಲ. ಫ್ರಿಜ್ಜಿನ ಬಾಗಿಲೇ ಸಾಕ್ಷಿ.)

ಎಲ್ಲರೂ ಹೇಳಿದರು, ಪರೀಕ್ಷಕರೂ. "ನೋಡಿ, ಒಬ್ಬೊಬ್ಬರಿಗೂ ಒಂದೇ ತಿಂಗಳು. ಎರಡು ಸಲ ಹುಟ್ಟಿದವರು ಯಾರೂ ಇಲ್ಲ. ಇದು ಫಂಕ್ಷನ್. ಈಗ ತಿರುಗಿಸ್ತೀನಿ. ನಾನು ತಿಂಗಳು ಹೇಳ್ತೀನಿ, ಆ ಮನುಷ್ಯ ಎದ್ದು ನಿಲ್ಲಬೇಕು. ಜೂನ್!"

ಹಿಂದಿನ ಸೋದರಮಾವ ಎದ್ದರು. ಗಂಟಲು ಸರ್ ಎದ್ದರು. ನಾನೂ ಎದ್ದೆ. ಜೂನ್ ಜೂನೇ, ಏನು ಮಾಡಲಿ?

"ಒಬ್ಬರನ್ನ ಕರೆದ್ರೆ ಮೂವರು! ಅರ್ಧ ಅನ್ನೋ ಬೆಲೆ 'ನಾನು ಎಲ್ಲಿಂದ ಬಂದೆ' ಅಂತ ಕೇಳಿದ್ರೂ ಹೀಗೇ. ಮೂವತ್ತೂ ಏಳುತ್ತೆ, ನೂರೈವತ್ತೂ ಏಳುತ್ತೆ, ಅವುಗಳ ಹಿಂದೆ ಇನ್ನೂ ಎಷ್ಟೋ. ಹೀಗಾದ್ರೆ ವಾಪಸ್ ಹೋಗೋ ದಾರಿ ಯಾವುದು?" ಬೋರ್ಡಿನ ಮೇಲೆ ಸೈನ್‌ನ ಅಲೆ ಎಳೆದಳು. ಅರ್ಧದ ಎತ್ತರದಲ್ಲಿ ಒಂದು ಅಡ್ಡಗೆರೆ. ಅಲೆ ಏರುವಾಗಲೊಮ್ಮೆ, ಇಳಿಯುವಾಗಲೊಮ್ಮೆ ಆ ಗೆರೆಯನ್ನು ಮುಟ್ಟುತ್ತಲೇ ಹೋಯಿತು.

"ಅದಕ್ಕೊಂದು ಒಪ್ಪಂದ. ಇನ್ಮೇಲೆ ಈ ಒಂದು ಬೆಂಚು ಮಾತ್ರ ಲೆಕ್ಕಕ್ಕೆ." ನನ್ನ ಬೆಂಚನ್ನು ತೋರಿಸಿದಳು. "ಇಲ್ಲಿ ಯಾರ ತಿಂಗಳೂ ಒಂದೇ ಅಲ್ಲ. ಜೂನ್ ಅಂದ್ರೆ ಈಗ ಇವಳೊಬ್ಬಳೇ. ಬೇರೆ ಬೆಂಚನ್ನೂ ಆರಿಸಬಹುದಿತ್ತು. ಆದ್ರೆ ಲೋಕದ ಕ್ಯಾಲ್ಕುಲೇಟರ್‌ಗಳೆಲ್ಲ ಒಂದೇ ಬೆಂಚಿಗೆ ಒಪ್ಪಿಕೊಂಡಿವೆ. ಮೈನಸ್ ತೊಂಬತ್ತು ಡಿಗ್ರಿಯಿಂದ ತೊಂಬತ್ತರವರೆಗೆ. ಅದರೊಳಗೆ ಮೂವತ್ತು ಇದೆ, ನೂರೈವತ್ತು ಇಲ್ಲ."

ಗಂಟಲು ಸರ್ ಇನ್ನೂ ನಿಂತೇ ಇದ್ದರು. ಕೆಮ್ಮಿದರು. "ಹಾಗಾದ್ರೆ ನಾನು ಎಲ್ಲಿ ಹೋದೆನಮ್ಮ?"

"ನೀವು ಇದ್ದೀರಿ ಸರ್. ಹುಟ್ಟಿದ್ದೂ ಜೂನಲ್ಲೇ. ಉತ್ತರದಲ್ಲಿ ಇಲ್ಲ ಅಷ್ಟೆ. ನೂರೈವತ್ತರ ಥರ."

ಖಾಯಂ ಹುದ್ದೆ ಕೊಡುವವರಿಗೇ ನೀವು ಉತ್ತರದಲ್ಲಿಲ್ಲ ಅನ್ನುವುದೆಂದರೆ! ಅವರು ಕೂತರು. ಏನೋ ಬರೆದರು. ಏನೆಂದು ನನಗೆ ಕಾಣಲಿಲ್ಲ. (ಕಂಡಿತೆಂದು ಬರೆಯಬಹುದು. ಅಕ್ಕ ಬಿಡುವುದಿಲ್ಲ.)

ನನಗೆ ಕಂಡದ್ದು ಇಷ್ಟು: ಆ ತಪ್ಪು ಕೊನೆಯವರೆಗೂ ಬೋರ್ಡಿನ ಮೇಲಿತ್ತು. ಅದರ ಪಕ್ಕದಲ್ಲೇ ನಿಂತು ಅಕ್ಕ ಪಾಠ ಮುಗಿಸಿದಳು. ಹಾಗೆ ನಿಲ್ಲುವುದು ನನಗೆ ಈ ಜನ್ಮದಲ್ಲಿ ಬರುತ್ತದೋ ಇಲ್ಲವೋ.

೪

ಅಂತ್ಯ ಅ: ಹುದ್ದೆ ಸಿಕ್ಕಿತು. ಅಮ್ಮ ಕ್ಯಾಲ್ಕುಲೇಟರನ್ನು ಕ್ಷಮಿಸಿದಳು.

ಅಂತ್ಯ ಆ: ಸಿಗಲಿಲ್ಲ. ಅಕ್ಕ ಟ್ಯುಟೋರಿಯಲ್‌ಗೆ ಹೋದಳು. ಅಲ್ಲಿ ಕ್ಯಾನ್ಸಲ್ ಹೊಡೆಯುವ ಮುಂಚೆ ಎಲ್ಲರ ಹುಟ್ಟಿದ ತಿಂಗಳು ಕೇಳಿದಳು.

"ಆಗಲ್ಲ ಕಣೇ," ಅಂದಳು ಅಕ್ಕ. "ಒಂದು ಆರಂಭಕ್ಕೆ ಎರಡು ಅಂತ್ಯ. ಇದು ಫಂಕ್ಷನ್ನೇ ಅಲ್ಲ. ಒಂದನ್ನ ಆರಿಸ್ಕೋ."

"ನೀನು ಯಾವುದನ್ನ ಆರಿಸ್ತೀಯಾ?"

ಅವಳು ಟವಲನ್ನು ಮಡಿಸಿದಳು. ಬಿಚ್ಚಿದಳು. ಮತ್ತೆ ಮಡಿಸಿದಳು. ಆ ಕೈಗಳಲ್ಲಿ ಎಂಥ ಹೆದರಿಕೆ ಇತ್ತೆಂದರೆ, ಬೋರ್ಡಿನ ಮುಂದೆ ನಿಂತವಳು ಇವಳೇನಾ ಅನ್ನಿಸಿತು. ಇವಳೇ.

ಮೈನಸ್ ೧

"ಅಕ್ಕಾ, ತಿರುಗಿಸಿ ನೋಡು," ಎಂದೆ. "ಅಂತ್ಯದಿಂದ ಶುರು ಮಾಡು. ಅಂತ್ಯ ಅ ಹಿಡಿದು ವಾಪಸ್ ಬಾ. ಎಲ್ಲಿಗೆ ಬರ್ತೀಯಾ?"

"ಬೋರ್ಡಿಗೆ."

"ಈಗ ಅಂತ್ಯ ಆ ಹಿಡಿದು ಬಾ."

"ಅದೇ ಬೋರ್ಡಿಗೆ," ಅಂದಳು.

"ಒಂದೊಂದು ಅಂತ್ಯಕ್ಕೂ ಒಂದೇ ಆರಂಭ. ಈಗ ಫಂಕ್ಷನ್ ಆಯ್ತಲ್ವಾ?"

ಅಕ್ಕ ನನ್ನನ್ನು ನೋಡಿದಳು. ಟ್ಯುಟೋರಿಯಲ್‌ನಲ್ಲಿ ಯಾರಾದರೂ ಸರಿಯುತ್ತರ ಹೇಳಿದಾಗ ಹೀಗೇ ನೋಡುತ್ತಾಳಂತೆ, ಮೊದಲು ಅನುಮಾನದಿಂದ. "ಆಯ್ತು," ಅಂದಳು. "ಕೈ ಎತ್ತದೇ ಹೇಳಿದೆ, ಅದಕ್ಕೆ ಅರ್ಧ ಮಾರ್ಕ್ಸ್ ಕಟ್."

ಫಲಿತಾಂಶವನ್ನು ಇವತ್ತು ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕುತ್ತಾರಂತೆ. ಅಕ್ಕ ಆಗಲೇ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾಳೆ, ಒದ್ದೆ ಕೂದಲಲ್ಲೇ.

"ನೀನೂ ಬರ್ತೀಯೇನೇ? ಅಲ್ಲಿ ಜನ ಜಾಸ್ತಿ ಇರ್ತಾರೆ."

ಓದುಗರೇ, ನೀವು ಇಲ್ಲೇ ಕೂತಿರಿ. ನನ್ನ ಒಂದು ಚಪ್ಪಲಿ ಕಾಣುತ್ತಿಲ್ಲ, ಅಕ್ಕ ಕಾಯುತ್ತಿದ್ದಾಳೆ.